ಗೆಲ್ಲೋಕ್ಕಿಂತ ಮೊದಲು ಹಾಲು ಕೊಟ್ಟವರು ಯಾರು?

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಮನೆ ಬದಲಾಯಿಸಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸೋಮಾರಿತನ... ನೆಪಗಳಿಗೇನು ಬರ. ಈಗ ಬರೆಯಲು ಕೂತಿದ್ದಕ್ಕೆ ಕಾರಣ ಊರಿನಲ್ಲಿ ನಡೆದ ಒಂದು ಪಂಚಾಯ್ತಿ. ಗ್ರಾಮ ಪಂಚಾಯ್ತಿ ಅಲ್ಲ, ನಮ್ಮ ಮನೆಯದ್ದೇ.

ಭಾರತ ಹುಣ್ಣಿಮೆಯ ಜಾತ್ರೆಗೆ ಊರಿಗೆ ಹೋಗಿದ್ದೆ. ನಮ್ಮೂರು ಚಿಂಚಲಿ, ರಾಯಬಾಗ ತಾಲೂಕು. ಬೆಂಗಳೂರಿನಲ್ಲಿ ಈ ಹೆಸರು ಹೇಳಿದರೆ "ಅದೆಲ್ಲಿ ಬರುತ್ತೆ?" ಅಂತಾರೆ. ಕೊಲ್ಲಾಪುರದಲ್ಲಿ ಹೇಳಿದರೆ "ಮಾಯಕ್ಕಾ ಚಿಂಚಲಿ!" ಅಂತ ಅಲ್ಲೇ ಕೈ ಮುಗೀತಾರೆ. ಮಾಘ ಮಾಸದಲ್ಲಿ ಮಹಾರಾಷ್ಟ್ರದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಭಕ್ತರು, ಭಂಡಾರದಿಂದ ಹಳದಿಯಾದ ರಸ್ತೆ, ಹಳದಿಯಾದ ಹಣೆ, ಹಳದಿಯಾದ ಎತ್ತು. ವಾರದ ನಂತರ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು ಕೊಡವಿದರೂ ಭಂಡಾರ ಉದುರುತ್ತೆ.

ಜಾತ್ರೆಯ ಮರುದಿನ ಕಾಕಾನ ಮನೆಯಲ್ಲಿ ಊಟ. ಊಟ ಮುಗಿದ ಮೇಲೆ ಕಾಕಾ ಎಲೆ-ಅಡಿಕೆ ತಟ್ಟೆ ಮುಂದೆ ಎಳೆದುಕೊಂಡು, ಮಗನ ಕಡೆ ನೋಡದೇ, ನನಗೆ ಹೇಳಿದ: "ನೀ ಓದಿದಾಂವ ಅದಿ. ಇವಗ ಒಂದೀಟ ತಿಳಿಸಿ ಹೇಳು. ಪಿಯುಸಿ ಮುಗದ ಮ್ಯಾಲ ಕೊಲ್ಲಾಪುರದ ತಾಲೀಮಿಗೆ ಹೊಂಟಾನಂತ. ಪೈಲ್ವಾನ ಆಗ್ತಾನಂತ."

ಹುಡುಗನಿಗೆ ಹದಿನೇಳು. ನನಗಿಂತ ಎತ್ತರ, ನನಗಿಂತ ಎರಡು ಪಟ್ಟು ಅಗಲ. ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ನಾನೂ ಹೇಳಿದೆ. ಡಿಗ್ರಿ ಇರಲಿ, ಕೈಯಲ್ಲಿ ಒಂದು ಕೆಲಸ ಇರಲಿ, ಕುಸ್ತಿ ಹವ್ಯಾಸಕ್ಕೆ ಇಟ್ಟುಕೋ ಅಂತ. ನಮಗೂ ಹದಿನೇಳರಲ್ಲಿ ಇದನ್ನೇ ಹೇಳಿದ್ದರಲ್ಲ, ಬಾಯಿಪಾಠ ಇತ್ತು. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿದ. ಆಮೇಲೆ ಒಂದೇ ಪ್ರಶ್ನೆ: "ಅಣ್ಣಾ, ನಿಮ್ಮ ಕಂಪನ್ಯಾಗೂ ಮಂದಿನ್ನ ತಗದ ಹಾಕಾತಾರಂತಲ್ಲ?"

ಅಲ್ಲಿಗೆ ನನ್ನ ಡಾವು ಮುಗೀತು. ಚಿತ್! :)

ಆಮೇಲೆ ಅವನ ಫೋನು ನೋಡಿದೆ. ವಾಲ್‌ಪೇಪರಿನಲ್ಲಿ ಮೊಹಮ್ಮದ್ ಅಲಿ. ಅದೇ ಪ್ರಸಿದ್ಧ ಫೋಟೋ, 1965ರದ್ದು. ಕೆಳಗೆ ಅಂಗಾತ ಬಿದ್ದ ಸಾನಿ ಲಿಸ್ಟನ್, ಮೇಲೆ ನಿಂತು ತೋಳು ಮಡಚಿ ಗದರುತ್ತಿರುವ ಅಲಿ. "ಕುಸ್ತಿ ಹುಡುಗಗ ಬಾಕ್ಸರ್ ಯಾಕೋ?" ಅಂದೆ. "ನಮ್ಮವರದು ಇಂಥಾದ್ದು ಫೋಟೋ ಎಲ್ಲೈತಿ?" ಅಂದ. ಖಂಚನಾಳೆ ಗೊತ್ತಾ ಅಂತ ಕೇಳಿದೆ. ಗೊತ್ತು, ಹಿಂದ್ ಕೇಸರಿ, ಕೊಲ್ಲಾಪುರದವರು ಅಂದ.

ನೋಡಿ, ಇಲ್ಲಿಂದ ನನ್ನ ತಲೆ ಕೆಟ್ಟಿದ್ದು.

ಶ್ರೀಪತಿ ಖಂಚನಾಳೆ ಹುಟ್ಟಿದ್ದು ಕೊಲ್ಲಾಪುರದಲ್ಲಲ್ಲ, ಎಕ್ಸಂಬಾದಲ್ಲಿ. ಚಿಕ್ಕೋಡಿ ತಾಲೂಕಿನ ಎಕ್ಸಂಬಾ, ನಮ್ಮದೇ ಬೆಳಗಾವಿ ಜಿಲ್ಲೆ. 1934ರಲ್ಲಿ ಹುಟ್ಟಿದ ಈ ಮನುಷ್ಯ 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾಸಿಂಗ್ ಅವರನ್ನು ಕೆಡವಿ ಹಿಂದ್ ಕೇಸರಿ ಆದರು. ಪಂಜಾಬಿನ ಪೈಲ್ವಾನರೆಂದರೆ ದೇಶವೇ ಹೆದರುತ್ತಿದ್ದ ಕಾಲ ಅದು. ಅವರನ್ನು ಅವರ ಕಡೆಯ ಮೈದಾನಕ್ಕೇ ಹೋಗಿ ಕೆಡವೋದು ಅಂದರೆ ಸಣ್ಣ ಮಾತಲ್ಲ. 2020ರ ಡಿಸೆಂಬರ್ 14ರಂದು ಕೊಲ್ಲಾಪುರದಲ್ಲಿ ತೀರಿಕೊಂಡಾಗ ಅವರಿಗೆ 86. "ದೇಶದ ಮೊದಲ ಹಿಂದ್ ಕೇಸರಿ ಇನ್ನಿಲ್ಲ" ಅಂತ ಮರಾಠಿ ಪತ್ರಿಕೆಗಳು ಬರೆದವು. ಆ ದಿನ ನಾನು ಬೆಂಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾ ಕೂತಿದ್ದೆ. ನನ್ನ ಕನ್ನಡದ ಗೆಳೆಯರ ಬಳಗದಲ್ಲಿ ಒಬ್ಬರೂ ಈ ಹೆಸರು ಎತ್ತಲಿಲ್ಲ. ಯಾರನ್ನೂ ಬೈಯುತ್ತಿಲ್ಲ, ನಾನೂ ಎತ್ತಲಿಲ್ಲ.

ಈಗ ನೀವು ಅಂದುಕೊಳ್ಳುತ್ತಿರಬಹುದು, ಬಂದ ನೋಡಪ್ಪ ಗಡಿ ವಿಷಯಕ್ಕೆ ಅಂತ. ಇಲ್ಲ. "ನಮ್ಮವನನ್ನು ಮಹಾರಾಷ್ಟ್ರದವರು ಕಸಿದುಕೊಂಡರು" ಅಂತ ಎದೆ ಬಡಿದುಕೊಳ್ಳಲು ನಾನಿದನ್ನು ಬರೆಯುತ್ತಿಲ್ಲ. ಆ ಜಗಳ ಶುರುವಾಗುವ ಮೊದಲು ನಕ್ಷೆಯನ್ನಾದರೂ ನೋಡಬೇಕು. ಖಂಚನಾಳೆ ಹುಟ್ಟಿದಾಗ ಎಕ್ಸಂಬಾ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಂದರೆ ಅವರು ದೆಹಲಿಯಲ್ಲಿ ಗೆದ್ದಾಗ ಅವರ ಊರು ನಮ್ಮ ರಾಜ್ಯಕ್ಕೆ ಸೇರಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ನಮ್ಮ ರಾಯಬಾಗವಂತೂ ಸ್ವಾತಂತ್ರ್ಯದವರೆಗೂ ಕೊಲ್ಲಾಪುರ ಸಂಸ್ಥಾನದ್ದೇ. ಅಷ್ಟಕ್ಕೂ ನಮ್ಮ ಕಡೆಯವರಿಗೆ ಬೀಗರು, ದವಾಖಾನೆ, ಬೆಲ್ಲದ ಪೇಟೆ, ಜವಳಿ ಎಲ್ಲ ಆ ಕಡೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಎತ್ತಿನ ಹತ್ತಿರ ಎರಡೂ. ಹುಡುಗ ಕುಸ್ತಿ ಕಲಿಯಲು ಕೊಲ್ಲಾಪುರಕ್ಕೆ ಹೋದರೆ ಪರದೇಶಕ್ಕೆ ಹೋದ ಹಾಗಲ್ಲ.

ನನ್ನ ಪ್ರಶ್ನೆ ಬೇರೆ. ಅವರು ಯಾಕೆ ಹೋಗಬೇಕಾಯಿತು, ಅಲ್ಲಿ ಏನಿತ್ತು?

ಅಲ್ಲಿ ತಾಲೀಮಿತ್ತು. ಛತ್ರಪತಿ ಶಾಹು ಮಹಾರಾಜರು 1894ರಿಂದ 1922ರವರೆಗೆ ಆಳಿದ ಊರದು. ಸ್ವತಃ ಕುಸ್ತಿಯ ಹುಚ್ಚಿದ್ದ ರಾಜ. ಎಲ್ಲೆಲ್ಲಿಂದಲೋ ಪೈಲ್ವಾನರನ್ನು ಕರೆಸಿ ಇಟ್ಟುಕೊಂಡು ಸಾಕಿದರು. ರೋಮ್‌ಗೆ ಹೋಗಿ ಅಲ್ಲಿನ ಹಳೆಯ ಬಯಲು ರಂಗಮಂದಿರ ನೋಡಿ ಬಂದು, 1912ರ ಹೊತ್ತಿಗೆ ಖಾಸಬಾಗ ಮೈದಾನ ಕಟ್ಟಿಸಿದರು. ಸುತ್ತ ಇಳಿಜಾರಾಗಿ ಕೂರುವ ಜಾಗ, ನಡುವೆ ಕೆಂಪು ಮಣ್ಣಿನ ಕಣ. ಎಲ್ಲಿ ಕೂತರೂ ಯಾರ ಬೆನ್ನು ಮಣ್ಣಿಗೆ ಹತ್ತಿತು ಅನ್ನೋದು ಕಾಣುತ್ತೆ. ರಾಜ ಹೋದರು, ಸಂಸ್ಥಾನ ಹೋಯಿತು, ಆದರೆ ಗಲ್ಲಿಗಲ್ಲಿಯ ತಾಲೀಮುಗಳು ಉಳಿದವು. ಗಂಗಾವೇಶ, ಮೋತಿಬಾಗ, ಶಾಹುಪುರಿ. ಖಂಚನಾಳೆ ಬೆಳೆದದ್ದು ಶಾಹುಪುರಿ ತಾಲೀಮಿನಲ್ಲಿ.

ತಾಲೀಮು ನೋಡದವರಿಗೆ ಒಂದು ಮಾತು. ಅದು ಜಿಮ್ ಅಲ್ಲ. ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ಹುಡುಗರು ಎದ್ದು ಸಲಿಕೆ ಹಿಡಿದು ಕಣ ಕೆದರುತ್ತಾರೆ. ಆ ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿರುತ್ತಾರೆ, ಗಾಯಕ್ಕೆ ಔಷಧಿ ನೆಲದಲ್ಲೇ ಇರುತ್ತೆ. ಆಮೇಲೆ ದಂಡ, ಬೈಠಕ್, ನೂರರ ಲೆಕ್ಕದಲ್ಲಿ. ಆಮೇಲೆ ಒಬ್ಬರಿಗೊಬ್ಬರು ಹಿಡಿಯೋದು, ವಸ್ತಾದ ನಡುವೆ ನಿಂತು ಪೇಚು ತಿದ್ದೋದು. ಆಮೇಲೆ ತಿನ್ನೋದು, ಮಲಗೋದು, ಸಂಜೆ ಮತ್ತೆ ಅದೇ. ಇದು ಒಂದೆರಡು ತಿಂಗಳಲ್ಲ, ಐದಾರು ವರ್ಷ. ಅಷ್ಟು ವರ್ಷ ಆ ಹುಡುಗ ಒಂದು ರೂಪಾಯಿ ದುಡಿಯೋದಿಲ್ಲ, ತಿನ್ನೋದು ಮಾತ್ರ ನಾಲ್ಕು ಮಂದಿಯಷ್ಟು.

ಆ ತಿನ್ನೋದಕ್ಕೆ ನಮ್ಮ ಕಡೆ ಖುರಾಕು ಅಂತಾರೆ. ಕಾಕಾನ ಮಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆದಿಟ್ಟಿದ್ದ, ನನಗೆ ತೋರಿಸಿದ. ಎಮ್ಮೆ ಹಾಲು ದಿನಕ್ಕೆ ಮೂರು ಲೀಟರು, ತಿಂಗಳಿಗೆ 5,400. ದಿನಕ್ಕೆ ನೂರು ಗ್ರಾಂ ಬದಾಮಿ, 2,400. ತುಪ್ಪ ಮೂರು ಕಿಲೋ, 2,100. ಮೊಟ್ಟೆ 1,500. ಹಣ್ಣು, ಕಾಳು, ಹಿಟ್ಟು, ವಾರಕ್ಕೆರಡು ದಿನ ಮಟನ್ ಎಲ್ಲ ಸೇರಿ ಹಿಡಿದು ಬಿಗಿದು 3,000. ಒಟ್ಟು 14,400 ರೂಪಾಯಿ. ನನ್ನ ಎಕ್ಸೆಲ್ ಶೀಟುಗಳಿಗಿಂತ ಚೊಕ್ಕವಾಗಿತ್ತು ಆ ಹಾಳೆ. ಕೆಳಗೆ ಗೆರೆ ಎಳೆದು ಬರೆದಿದ್ದ: "ಅಪ್ಪಗ ಹೇಳುದು ಹ್ಯಾಂಗ?"

ಅವನ ಅಪ್ಪ, ಅಂದರೆ ನಮ್ಮ ಕಾಕಾ, ತಾನೇ ಪೈಲ್ವಾನ. ಆಗಿದ್ದವ. ಅವನ ಎಡಗಿವಿ ಮುರಿದು ಹೂಕೋಸಿನಂತೆ ಮುದುಡಿದೆ. ಚಿಕ್ಕವನಿದ್ದಾಗ ನನಗೆ ಆ ಕಿವಿ ಮುಟ್ಟೋದೇ ಒಂದು ಆಟ. ಅವನೂ ಹತ್ತೊಂಬತ್ತನೇ ವಯಸ್ಸಿಗೆ ಕೊಲ್ಲಾಪುರಕ್ಕೆ ಹೋದ. ಎರಡು ವರ್ಷ ಇದ್ದ. ಜಾತ್ರೆ ಉರುಸುಗಳಲ್ಲಿ ಸಣ್ಣಪುಟ್ಟ ಕುಸ್ತಿ ಗೆದ್ದು ಒಂದು ಬೆಳ್ಳಿ ಕಡಗ ತಂದಿದ್ದ, ಅದು ಈಗಲೂ ದೇವರ ಮಾಡದಲ್ಲಿದೆ. ಮೂರನೇ ವರ್ಷ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬರಲಿಲ್ಲ. ಯಾವ ಕಾರ್ಖಾನೆ ಅಂತ ಕೇಳಬೇಡಿ, ನಮ್ಮ ಕಡೆಯವರು ಯಾವುದನ್ನಾದರೂ ಊಹಿಸಿಕೊಳ್ಳಬಹುದು. ಮುತ್ಯಾ ಎರಡು ತಿಂಗಳು ಸಾಲ ತಂದು ದುಡ್ಡು ಕಳಿಸಿದ, ಮೂರನೇ ತಿಂಗಳು ಕಾಗದ ಕಳಿಸಿದ. ಕಾಕಾ ಗಂಟು ಕಟ್ಟಿಕೊಂಡು ಬಂದ. ಬಂದವನು ಟ್ರ್ಯಾಕ್ಟರ್ ಹತ್ತಿದ.

ಕಾಕಾ ಈ ಕಥೆಯನ್ನು ಯಾವತ್ತೂ "ನಾ ಸೋತೆ" ಅಂತ ಹೇಳೋದಿಲ್ಲ. "ಹಾಲ ನಿಂತ್ವು" ಅಂತಾನೆ. ಅಷ್ಟೇ.

ಈಗ ಅವನ ಮಗನ ವಾಲ್‌ಪೇಪರಿಗೆ ಬರೋಣ. ಅಲಿಯ ವೃತ್ತಿ ಜೀವನ ನಮಗೆಲ್ಲ ಗೊತ್ತು ಅಂದುಕೊಂಡಿರುತ್ತೇವೆ. 61 ಪಂದ್ಯ, 56 ಗೆಲುವು, 5 ಸೋಲು. 1964ರಲ್ಲಿ ಲಿಸ್ಟನ್, 1971ರಲ್ಲಿ ಫ್ರೇಜಿಯರ್ ಕೈಲಿ ಸೋಲು, 1974ರಲ್ಲಿ ಕಿನ್ಶಾಸಾದಲ್ಲಿ ಫೋರ್‌ಮನ್ ಮೇಲೆ ಗೆಲುವು, 1975ರಲ್ಲಿ ಮನಿಲಾ. ಬಾಕ್ಸ್‌ರೆಕ್ ಅಂತ ಒಂದು ತಾಣ ಇದೆ, ಅದರಲ್ಲಿ ಪ್ರತಿ ಪಂದ್ಯದ ತಾರೀಖು, ಊರು, ಎಷ್ಟನೇ ಸುತ್ತು ಎಲ್ಲ ಸಾಲುಸಾಲಾಗಿ ಸಿಗುತ್ತೆ. ನನ್ನಂಥ ಡೇಟಾಬೇಸ್ ಮಂದಿಗೆ ಅದು ಹಬ್ಬದೂಟ. ಆದರೆ ಆ ಪಟ್ಟಿಯ ಮೊದಲ ಸಾಲಿಗಿಂತ ಹಿಂದೆ ಏನಿತ್ತು ಅನ್ನೋದು ಪಟ್ಟಿಯಲ್ಲಿಲ್ಲ.

1954ರಲ್ಲಿ ಲೂಯಿವಿಲ್ ಊರಿನಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಸೈಕಲ್ಲು ಕಳುವಾಯಿತು. ಅಳುತ್ತಾ ಬಂದವನಿಗೆ ಜೋ ಮಾರ್ಟಿನ್ ಅನ್ನೋ ಪೊಲೀಸಪ್ಪ, ಕಳ್ಳನಿಗೆ ಹೊಡೆಯೋ ಮೊದಲು ಹೊಡೆಯೋದು ಕಲಿ ಅಂತ ಬಾಕ್ಸಿಂಗ್ ಕಲಿಸಿದ. ಈ ಕಥೆ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಕಡಿಮೆ ಮಂದಿ ಹೇಳುತ್ತಾರೆ. 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ ಗೆದ್ದು ಬಂದ ಹದಿನೆಂಟರ ಆ ಹುಡುಗನನ್ನು (ಆಗ ಕ್ಯಾಸಿಯಸ್ ಕ್ಲೇ) ಅದೇ ಊರಿನ ಹನ್ನೊಂದು ಮಂದಿ ಶ್ರೀಮಂತರು ಸೇರಿ ನೋಡಿಕೊಂಡರು. ಲೂಯಿವಿಲ್ ಪ್ರಾಯೋಜಕ ಕೂಟ ಅಂತಲೇ ಹೆಸರು. ಸಹಿ ಹಾಕಿದ್ದಕ್ಕೆ 10,000 ಡಾಲರ್, ಮೇಲೆ ಖಾತ್ರಿಯ ಸಂಬಳ, ತರಬೇತಿ ಪ್ರಯಾಣದ ಖರ್ಚೆಲ್ಲ ಅವರದೇ. ಗಳಿಕೆಯಲ್ಲಿ ಅರ್ಧ ಅವನಿಗೆ, ಅರ್ಧ ಅವರಿಗೆ. ಜೊತೆಗೆ ಗಳಿಕೆಯಲ್ಲಿ ನೂರಕ್ಕೆ ಹದಿನೈದು ಪಾಲು, ಮೂವತ್ತೈದು ವರ್ಷ ಆಗುವವರೆಗೆ ಅಥವಾ ಆಟ ಬಿಡುವವರೆಗೆ ಮುಟ್ಟದಂತೆ ಎತ್ತಿಡಬೇಕು ಅನ್ನೋ ಕರಾರು. ಧರ್ಮಕ್ಕೆ ಮಾಡಿದ್ದಲ್ಲ, ವ್ಯಾಪಾರ. ಆದರೂ ಆ ವ್ಯಾಪಾರ ಅವನಿಗೆ 1966ರವರೆಗೆ ಊಟದ ಚಿಂತೆ ಇಲ್ಲದಂತೆ ಮಾಡಿತು. ಏಂಜೆಲೋ ಡಂಡಿಯಂಥ ವಸ್ತಾದ ಸಿಕ್ಕಿದ್ದೂ ಆ ದುಡ್ಡಿನಿಂದಲೇ.

(ಅಂದ ಹಾಗೆ ಡಂಡಿಗಿಂತ ಮೊದಲು ಅವನನ್ನು ಆರ್ಚಿ ಮೂರ್ ಅನ್ನೋ ಹಿರಿಯ ಬಾಕ್ಸರನ ಹತ್ತಿರ ಕಳಿಸಿದ್ದರು. ಅಲ್ಲಿ ಪಾತ್ರೆ ತೊಳೆ, ಕಸ ಗುಡಿಸು ಅಂದಿದ್ದಕ್ಕೆ ಹುಡುಗ ಓಡಿ ಬಂದ. ನಮ್ಮ ತಾಲೀಮಿನಲ್ಲಿ ಮೊದಲ ವರ್ಷದವರಿಗೆ ಸಿಗೋದೂ ಸಲಿಕೆ, ಪೊರಕೆಯೇ.)

ದೂರದ ಅಮೆರಿಕ ಬೇಡ ಅನ್ನೋರಿಗೆ ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ ಇದ್ದಾರೆ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ಸ್ ಪದಕ ತಂದವರು, 1952ರ ಹೆಲ್ಸಿಂಕಿಯಲ್ಲಿ ಕಂಚು. 1948ರಲ್ಲಿ ಲಂಡನ್ನಿಗೆ ಅವರನ್ನು ಕಳಿಸಿದ್ದು ಕೊಲ್ಲಾಪುರದ ಮಹಾರಾಜರು. 1952ರ ಹೊತ್ತಿಗೆ ಸಂಸ್ಥಾನ ಇರಲಿಲ್ಲ. ಆಗ ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ತಮ್ಮ ಮನೆಯನ್ನೇ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. ಪದಕ ತಂದಾಗ ನೂರಾರು ಎತ್ತಿನ ಗಾಡಿಗಳ ಮೆರವಣಿಗೆ ಆಯಿತು. ಜಾಧವ ಊರಿಗೆ ಬಂದು ಕುಸ್ತಿ ಆಡಿ ದುಡ್ಡು ಕೂಡಿಸಿ ಆ ಸಾಲ ತೀರಿಸಲು ನೋಡಿದರು. ಆಮೇಲೆ 1955ರಲ್ಲಿ ಪೊಲೀಸ್ ಇಲಾಖೆಗೆ ಸೇರಿ ಇಡೀ ಸೇವೆಯನ್ನು ಸದ್ದಿಲ್ಲದೇ ಮುಗಿಸಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದಿದ್ದು ಸತ್ತು ಹದಿನೈದು ವರ್ಷ ಕಳೆದ ಮೇಲೆ.

ಬಾಕ್ಸಿಂಗಿನಲ್ಲಿ ನಮ್ಮ ದೇಶದ ಕಥೆಯೂ ಅದೇ. ವಿಜೇಂದರ್ ಸಿಂಗ್ 2008ರಲ್ಲಿ ಬೀಜಿಂಗ್ ಕಂಚು ಗೆದ್ದು, 2015ರಲ್ಲಿ ವೃತ್ತಿಪರನಾಗಿ, 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್‌ನನ್ನು ಸೋಲಿಸಿ ಏಷ್ಯಾ ಪೆಸಿಫಿಕ್ ಬೆಲ್ಟು ಗೆದ್ದಿದ್ದು ನಮಗೆ ನೆನಪಿದೆ. ಭಿವಾನಿಯ ಆ ಹುಡುಗನ ತಂದೆ ಹರಿಯಾಣ ಸಾರಿಗೆಯ ಬಸ್ ಚಾಲಕ, ಓವರ್‌ಟೈಮ್ ಮಾಡಿ ಮಕ್ಕಳ ತರಬೇತಿಗೆ ದುಡ್ಡು ಹೊಂದಿಸುತ್ತಿದ್ದರು ಅನ್ನೋದು ಎಷ್ಟು ಜನಕ್ಕೆ ನೆನಪಿದೆ?

ನನಗೆ ಹೇಳಬೇಕಾಗಿರೋದು ಇಷ್ಟೇ. ಗೆದ್ದ ಮೇಲೆ ಕೊಡೋದು ಇನಾಮು. ಗೆಲ್ಲೋಕ್ಕಿಂತ ಮೊದಲು ಕೊಡೋದು ಖುರಾಕು. ಕೊಲ್ಲಾಪುರ ಖುರಾಕು ಕೊಟ್ಟಿತು, ಹಾಗಾಗಿ ಎಕ್ಸಂಬಾದ ಹುಡುಗ ಕೊಲ್ಲಾಪುರದವನಾದ. ಅದರಲ್ಲಿ ಕಸಿದುಕೊಂಡಿದ್ದು ಏನೂ ಇಲ್ಲ. ನಾವು ಇನಾಮು ಹಿಡಿದುಕೊಂಡು ಕಾಯುತ್ತಾ ನಿಂತಿದ್ದೆವು.

ಇನಾಮು ಕೊಡೋದರಲ್ಲಿ ಮಾತ್ರ ನಮ್ಮ ಕಡೆಯವರನ್ನು ಮೀರಿಸೋರಿಲ್ಲ. ಜಾತ್ರೆಗೊಂದು ಕುಸ್ತಿ ಕಮಿಟಿ. ಹಲಗಿ ಬಡಿಸಿ, ಫೇಟಾ ಸುತ್ತಿ, ಬೆಳ್ಳಿ ಗದೆ ಹೊರಿಸಿ, ಮೊದಲ ಜೋಡಿಗೆ ಒಂದು ಲಕ್ಷ, ಎರಡು ಲಕ್ಷ. ಆ ಮೊದಲ ಜೋಡಿ ಯಾರು? ಹರಿಯಾಣದವನೊಬ್ಬ, ಪುಣೆಯವನೊಬ್ಬ. ಈಚೆಗೆ ಬೆಳಗಾವಿ ಕಡೆ ಇರಾನಿನಿಂದಲೂ ಪೈಲ್ವಾನರನ್ನು ಕರೆಸುತ್ತಾರೆ. ಬರಲಿ, ತಪ್ಪಿಲ್ಲ, ನಾನೂ ಶಿಳ್ಳೆ ಹೊಡೆದು ನೋಡಿದ್ದೇನೆ. ಆದರೆ ಸಂಜೆ ನಾಲ್ಕು ಗಂಟೆಗೆ, ಬಿಸಿಲು ಇನ್ನೂ ಇಳಿಯದಿರುವಾಗ, ಯಾರೂ ನೋಡದ ಹೊತ್ತಿನಲ್ಲಿ ನಮ್ಮೂರಿನ ಹುಡುಗರ ಕುಸ್ತಿ ಮುಗಿದಿರುತ್ತೆ. ಅವರಿಗೆ ನೂರು, ಇನ್ನೂರು, ಕೆಲವೊಮ್ಮೆ ಒಂದು ತೆಂಗಿನಕಾಯಿ. ಒಂದು ಲಕ್ಷ ಅಂದರೆ ಒಬ್ಬ ಹುಡುಗನ ಏಳು ತಿಂಗಳ ಖುರಾಕು. ಹೊರಗಿನವರು ಹತ್ತು ನಿಮಿಷದಲ್ಲಿ ಅದನ್ನು ಗೆದ್ದುಕೊಂಡು ಮಿರಜಿನ ಗಾಡಿ ಹತ್ತುತ್ತಾರೆ. ಕೆಲವೊಮ್ಮೆ ಕುಸ್ತಿ ನಿಕಾಲಿ ಆಗದೇ ಸಮಬಲ ಅಂತ ಘೋಷಿಸಿ ದುಡ್ಡು ಅರ್ಧರ್ಧ ಹಂಚಿಕೊಳ್ಳುತ್ತಾರೆ, ಆಗಂತೂ ಮೈಯೆಲ್ಲ ಉರಿಯುತ್ತೆ.

ಇದನ್ನು ಜಾತ್ರೆಯ ರಾತ್ರಿ ಒಬ್ಬ ಹಿರಿಯರ ಹತ್ತಿರ ಹೇಳಿದೆ. ಪಕ್ಕದೂರಿನ ಕಮಿಟಿಯವರು. "ಮೊದಲ ಕುಸ್ತಿ ಇನಾಮನ್ನ ಅರ್ಧ ಮಾಡ್ರಿ, ಉಳಿದ ದುಡ್ಡಿನಾಗ ನಿಮ್ಮೂರ ಇಬ್ಬರು ಹುಡುಗರಿಗೆ ತಿಂಗಳಾ ತಿಂಗಳಾ ಖುರಾಕ ಕೊಡ್ರಿ" ಅಂದೆ. ಅವರು ನಕ್ಕರು. "ಇಂಜಿನಿಯರ್ ಸಾಹೇಬ್ರ, ದೊಡ್ಡ ಪೈಲ್ವಾನ ಬರಲಿಲ್ಲಂದ್ರ ಮಂದಿ ಬರೂದಿಲ್ಲ. ಮಂದಿ ಬರಲಿಲ್ಲಂದ್ರ ಪಟ್ಟಿ ಯಾರ ಕೊಡ್ತಾರ?" ಅಂದರು. ಅವರು ಹೇಳಿದ್ದರಲ್ಲೂ ಅರ್ಥ ಇದೆ. ಊರ ಹುಡುಗ ಹಾಲು ಕುಡಿಯೋದನ್ನು ನೋಡಲು ಯಾರು ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಾರೆ? ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಮಾತಿಗೆ ಇನ್ನೊಂದು ಅಡ್ಡಿ ಇದೆ, ಅದು ನನ್ನದೇ. ಖುರಾಕು ಕೊಟ್ಟರೆ ಎಲ್ಲರೂ ಖಂಚನಾಳೆ ಆಗೋದಿಲ್ಲ. ಶಾಹುಪುರಿಯಲ್ಲಿ ಅವರ ಜೊತೆ ಮಣ್ಣು ಕೆದರಿದವರಲ್ಲಿ ಹಿಂದ್ ಕೇಸರಿ ಆದವರು ಎಷ್ಟು ಜನ? ಉಳಿದವರು ಮುರಿದ ಕಿವಿ, ಸವೆದ ಮೊಣಕಾಲು ಹೊತ್ತು ಊರಿಗೆ ಬಂದಿರುತ್ತಾರೆ. ಗೆದ್ದವರ ಪಾಡೂ ಯಾವಾಗಲೂ ಚೆನ್ನಾಗಿರುತ್ತೆ ಅಂತಿಲ್ಲ. 1937ರಿಂದ 1949ರವರೆಗೆ ಹೆವಿವೇಟ್ ಪಟ್ಟ ಬಿಡದ ಜೋ ಲೂಯಿ ತೆರಿಗೆ ಸಾಲದಲ್ಲಿ ಮುಳುಗಿ, ಕೊನೆಗೆ ಲಾಸ್ ವೇಗಸ್ಸಿನ ಒಂದು ಕ್ಯಾಸಿನೋ ಬಾಗಿಲಲ್ಲಿ ಬಂದವರಿಗೆ ಕೈ ಕುಲುಕುವ ಕೆಲಸ ಮಾಡಿದ. ಕೋಟಿಗಟ್ಟಲೆ ಗಳಿಸಿದ ಮೈಕ್ ಟೈಸನ್ 2003ರಲ್ಲಿ ದಿವಾಳಿ ಅರ್ಜಿ ಹಾಕಿದ. ಅಲಿಗೆ 1984ರಲ್ಲಿ ಪಾರ್ಕಿನ್ಸನ್ ಅಂತ ಗೊತ್ತಾಯಿತು, 2016ರಲ್ಲಿ ಸಾಯುವವರೆಗೂ ಕೈ ನಡುಗುತ್ತಲೇ ಇತ್ತು. ಕುಸ್ತಿಯಲ್ಲಿ ತಲೆಗೆ ಏಟು ಬೀಳೋದಿಲ್ಲ ಅನ್ನೋದೊಂದು ಸಮಾಧಾನ, ಖಂಚನಾಳೆಯವರು 86 ಬದುಕಿದರು. ನಮ್ಮ ರಾಜ್ಯದಲ್ಲಿ ಮುಷ್ಟಿಯಿಂದ ಹೊಡೆಯುವ ಹಳೆಯ ಆಟ ಅಂದರೆ ಮೈಸೂರಿನ ವಜ್ರಮುಷ್ಟಿ ಕಾಳಗ. ದಸರೆಯಲ್ಲಿ ಜಟ್ಟಿಗಳು ಆಡೋದು, ಮೊದಲ ಹನಿ ರಕ್ತ ಕಂಡ ಕೂಡಲೇ ನಿಲ್ಲಿಸಿಬಿಡುತ್ತಾರೆ. ಹಳಬರಿಗೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿತ್ತು.

ಹಾಗಾಗಿ ಹುಡುಗನಿಗೆ ನಾನು ಎರಡು ಷರತ್ತು ಹಾಕಿದೆ. ಒಂದು, ಕೊಲ್ಲಾಪುರದಲ್ಲೇ ಡಿಗ್ರಿ ಕಾಲೇಜಿಗೆ ಹೆಸರು ಹಚ್ಚಬೇಕು. ಎರಡು, ಮಣ್ಣಿನ ಜೊತೆ ಮ್ಯಾಟ್ ಮೇಲೂ ಅಭ್ಯಾಸ ಮಾಡಬೇಕು. ಯಾಕಂದರೆ ಜಾತ್ರೆ ನಡೆಯೋದು ಮಣ್ಣಿನ ಮೇಲೆ, ಒಲಿಂಪಿಕ್ಸೂ ರೈಲ್ವೆ ಮಿಲಿಟರಿ ನೌಕರಿಯೂ ನಡೆಯೋದು ಮ್ಯಾಟಿನ ಮೇಲೆ. ಅಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಅಂಕದ ಲೆಕ್ಕ. ಮಣ್ಣಿನ ಮೇಲೆ ಗಂಟೆಗಟ್ಟಲೆ ತಡೆದು ನಿಲ್ಲುವ ತಾಕತ್ತು ಇದ್ದವನು ಆ ಆರು ನಿಮಿಷದ ವೇಗಕ್ಕೆ ಹೊಂದದೇ ಸೋತು ಬಂದಿದ್ದನ್ನು ಕಂಡಿದ್ದೇನೆ. ಹುಡುಗ ಎರಡಕ್ಕೂ ಒಪ್ಪಿದ. ಒಪ್ಪದೇ ಏನು ಮಾಡುತ್ತಾನೆ, ದುಡ್ಡಿನ ಮಾತು ಇನ್ನೂ ಬಾಕಿ ಇತ್ತಲ್ಲ.

ದುಡ್ಡಿಗೆ ನಾವು ಅಣ್ಣತಮ್ಮಂದಿರು ನಾಲ್ಕು ಜನ ಸೇರಿದೆವು. ಬೆಂಗಳೂರಿನಲ್ಲಿ ನಾನು, ಪುಣೆಯಲ್ಲಿ ಇಬ್ಬರು, ಬೆಳಗಾವಿಯ ಬ್ಯಾಂಕಿನಲ್ಲಿ ಒಬ್ಬ. ತಲೆಗೆ ತಿಂಗಳಿಗೆ 3,600. ಲೂಯಿವಿಲ್ಲಿನಲ್ಲಿ ಹನ್ನೊಂದು ಕೋಟ್ಯಧಿಪತಿಗಳು, ಚಿಂಚಲಿಯಲ್ಲಿ ಇಎಂಐ ಕಟ್ಟುವ ನಾಲ್ಕು ಮಂದಿ. :) ನಮಗೆ ಗಳಿಕೆಯಲ್ಲಿ ಪಾಲು ಬೇಡ. ಮೂರು ವರ್ಷ ನೋಡೋಣ ಅಂತ ಮಾತಾಗಿದೆ. ಮೂರು ವರ್ಷ ನಾಲ್ಕೂ ಜನರ ಕೆಲಸ ಉಳಿಯುತ್ತಾ ಅನ್ನೋದು ಬೇರೆ ಮಾತು.

ಮೊನ್ನೆ ಒಂದನೇ ತಾರೀಖು ಮೊದಲ ಕಂತು ಹಾಕಿದೆವು, ಪಿಯುಸಿ ಪರೀಕ್ಷೆ ಮುಗಿಯುವ ತನಕ ಊರಲ್ಲೇ ಖುರಾಕು ಶುರು ಮಾಡಲಿ ಅಂತ. ಕಾಕಾನಿಗೆ ಇದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಕೊನೆಗೆ ಅವ್ವನ ಕೈಲಿ ಹೇಳಿಸಿದೆವು. ಎರಡು ದಿನ ಕಾಕಾ ಯಾರ ಜೊತೆಯೂ ಮಾತಾಡಲಿಲ್ಲವಂತೆ. ಮೂರನೇ ದಿನ ರಾತ್ರಿ ನನಗೆ ಫೋನು ಬಂತು. ಬೈತಾನೆ ಅಂದುಕೊಂಡು ಮೀಟಿಂಗಿನಿಂದ ಎದ್ದು ಹೊರಗೆ ಬಂದೆ.

"ಬದಾಮಿ ಹಾಂಗ ತಿನಬಾರದು ಅಂತ ಹೇಳು ಅವಗ," ಅಂದ ಕಾಕಾ. "ರಾತ್ರಿ ನೆನಿ ಹಾಕಿ, ಸಿಪ್ಪಿ ತಗದು, ಕಲ್ಲಿನ ಮ್ಯಾಲ ಅರದು ಹಾಲಿನಾಗ ಕುಡೀಬೇಕು. ನಾ ಹೇಳಿದ್ರ ಕೇಳೂದಿಲ್ಲಾಂವ. ನೀ ಹೇಳು."